ರೊಟ್ಟಿ ತಟ್ಟಿ ಕೇಳುವ ಜಾಗ

ಅಕ್ಕ ತೀರಿಕೊಂಡ ಆರನೆಯ ದಿನ ನಮ್ಮ ಕಂಪನಿಯನ್ನು ಅಳೆದು ನೋಡಲು ಒಬ್ಬರು ಬಂದರು. ಅವರು ಬರುವುದು ಬಹಳ ದಿನ ಮೊದಲೇ ಗೊತ್ತಿತ್ತು. ಅಕ್ಕ ಹೋಗುವುದು ಯಾರಿಗೂ ಗೊತ್ತಿರಲಿಲ್ಲ.

ಕಂಪನಿ ಎಂದರೆ ದೊಡ್ಡದೇನಲ್ಲ. ಅಫಜಲಪುರದ ಹೊರಗೆ ರಸ್ತೆಯ ಮಗ್ಗುಲಿಗೆ ಒಂದು ತಗಡಿನ ಶೆಡ್ಡು, ಒಳಗೆ ಎರಡು ಸಾಲು ಒಲೆ, ಇಪ್ಪತ್ತು ಚಿಲ್ಲರೆ ಹೆಂಗಸರು. ಜೇವರ್ಗಿ ಕಡೆಯ ಬಿಳಿಜೋಳ ತರಿಸಿ, ಬೀಸಿಸಿ, ರೊಟ್ಟಿ ಬಡಿದು, ಖಡಕ್ ಮಾಡಿ, ಪ್ಯಾಕ್ ಮಾಡಿ ಮಾರುತ್ತೇವೆ. ಕೆಲಸ ಮಾಡುವವರೇ ಅದರ ಪಾಲುದಾರರು. ಗಾಣಗಾಪುರದ ಅಂಗಡಿಗಳಿಗೆ, ಆಳಂದದ ಬಸ್ ಸ್ಟ್ಯಾಂಡಿನ ಅಂಗಡಿಗಳಿಗೆ ನಮ್ಮ ರೊಟ್ಟಿ ಹೋಗುತ್ತಿತ್ತು. ಆ ವರ್ಷ ಹೈದರಾಬಾದಿನ ಅಂಗಡಿಗಳ ಒಂದು ದೊಡ್ಡ ಕಂಪನಿಯವರು ವರ್ಷಪೂರ್ತಿ ಕೊಳ್ಳುವ ಮಾತಾಡಿದ್ದರು. ಅದಕ್ಕೆ ಮೊದಲು ತಮ್ಮ ಕಡೆಯ ತಜ್ಞರೊಬ್ಬರನ್ನು ಕಳಿಸುತ್ತೇವೆ, ನಿಮ್ಮ ಕೆಲಸದಲ್ಲಿ ಎಲ್ಲೆಲ್ಲಿ ರೊಟ್ಟಿಗೆ ಬೆಲೆ ಹುಟ್ಟುತ್ತದೆ, ಎಲ್ಲೆಲ್ಲಿ ಬರೀ ಹೊತ್ತು ಹೋಗುತ್ತದೆ ಎಂದು ಅವರು ನೋಡಿ ಹೇಳುತ್ತಾರೆ, ಹಾಗೆ ತಿದ್ದಿಕೊಂಡರೆ ಮುಂದಿನ ಮಾತು ಎಂದಿದ್ದರು.

ನಾನು ಅಲ್ಲಿ ಬರೆಯುವ ಕೆಲಸದವಳು. ಪಿಯುಸಿವರೆಗೆ ಓದಿದ್ದೇನೆ, ಅಕ್ಷರ ಚೆನ್ನಾಗಿವೆ. ಅಕ್ಕ ಮತ್ತು ನಾನು ಜೇವರ್ಗಿ ಕಡೆಯವರು, ಅಫಜಲಪುರದ ಒಂದೇ ಮನೆಯ ಅಣ್ಣ ತಮ್ಮಂದಿರಿಗೆ ಕೊಟ್ಟಿದ್ದರು. ಅವಳು ಬಂದ ಮನೆಗೆ ನಾನು ಬಂದೆ, ಅವಳು ಸೇರಿದ ಕಂಪನಿಗೆ ನಾನು ಸೇರಿದೆ.

ಅಕ್ಕನ ಕೆಲಸಕ್ಕೆ ಹೆಸರಿರಲಿಲ್ಲ. ಒಲೆಗಳ ಸಾಲು ಮುಗಿದು ಪ್ಯಾಕಿಂಗ್ ಟೇಬಲ್ಲು ಶುರುವಾಗುವ ನಡುವೆ ಒಂದು ಮಣೆ ಹಾಕಿಕೊಂಡು ಕೂರುತ್ತಿದ್ದಳು. ಒಲೆಯ ಮಗ್ಗುಲಿಗೆ ನಿಲ್ಲಿಸಿ ಒಣಗಿಸಿದ ರೊಟ್ಟಿಗಳು ಬುಟ್ಟಿಯಲ್ಲಿ ಅವಳ ಮುಂದೆ ಬರುತ್ತಿದ್ದವು. ಒಂದೊಂದನ್ನೂ ಅಂಚು ಹಿಡಿದು ಎತ್ತಿ, ಬೆರಳ ಗೆಣ್ಣಿನಿಂದ ನಡುವೆ ತಟ್ಟಿ ಕೇಳುತ್ತಿದ್ದಳು. ಪೂರಾ ಒಣಗಿದ ರೊಟ್ಟಿಯ ಸಪ್ಪಳ ಬೇರೆ, ಮೇಲೆ ಒಣಗಿ ಒಳಗೆ ಹಸಿ ಉಳಿದದ್ದರ ಸಪ್ಪಳ ಬೇರೆ. ಹಸಿ ಇದ್ದದ್ದನ್ನು ಒಲೆಗೆ ತಿರುಗಿ ಕಳಿಸುತ್ತಿದ್ದಳು. ಒಂದು ಹಸಿ ರೊಟ್ಟಿ ಪ್ಯಾಕಿನೊಳಗೆ ಹೋದರೆ ನಾಲ್ಕೈದು ದಿನಕ್ಕೆ ಇಡೀ ಪ್ಯಾಕಿಗೆ ಬೂಷ್ಟು ಹಿಡಿಯುತ್ತದೆ.

ಒಂದು ಮುಂಜಾನೆ ಎದೆ ಹಿಡಿದುಕೊಂಡು ಅಡುಗೆಮನೆಯಲ್ಲಿ ಕುಳಿತಳು. ಕಲಬುರಗಿಗೆ ಒಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

ನಮ್ಮ ಮನೆಯಲ್ಲಿ ಸಾವಿಗೆ ಸೂತಕ ಹಿಡಿಯುವುದಿಲ್ಲ. ಮಣ್ಣು ಮಾಡಿ ಬಂದು, ಲಿಂಗಪೂಜೆ ಮಾಡಿ, ಕೆಲಸಕ್ಕೆ ಹೋಗಬಹುದು. ಹನ್ನೊಂದನೆಯ ದಿನ ಶಿವಗಣಾರಾಧನೆ ಇತ್ತು, ಅಲ್ಲಿಯವರೆಗೆ ಮನೆಯಲ್ಲಿ ಕೂತು ಏನು ಮಾಡಲಿ ಎಂದು ನಾನು ನಾಲ್ಕನೆಯ ದಿನವೇ ಶೆಡ್ಡಿಗೆ ಹೋದೆ. ಹೋಗಿ ನೋಡಿದರೆ ಅಕ್ಕನ ಮಣೆ ಇದ್ದಲ್ಲೇ ಇತ್ತು. ಯಾರೂ ಅದರ ಮೇಲೆ ಕುಳಿತಿರಲಿಲ್ಲ. ಕೂರಬೇಡಿ ಎಂದು ಯಾರೂ ಹೇಳಿರಲಿಲ್ಲ. ಆದರೆ ರೊಟ್ಟಿಯ ಬುಟ್ಟಿಗಳನ್ನು ಮಾತ್ರ ಎಂದಿನಂತೆ ತಂದು ಆ ಮಣೆಯ ಮುಂದೆ ಇಡುತ್ತಿದ್ದರು. ಅವಳನ್ನು ದಾಟಿ ಬುಟ್ಟಿ ಮುಂದಕ್ಕೆ ಒಯ್ಯಲು ಯಾರಿಗೂ ಕೈ ಬರುತ್ತಿರಲಿಲ್ಲ. ಸಂಜೆ ಮನೆಗೆ ಹೋಗುವ ಮೊದಲು ನಾನೇ ನಿಂತುಕೊಂಡು, ಬಗ್ಗಿ, ಅಷ್ಟಿಷ್ಟು ತಟ್ಟಿ ನೋಡಿ ಪ್ಯಾಕಿಂಗಿಗೆ ದಾಟಿಸುತ್ತಿದ್ದೆ. ನನಗೆ ಎಲ್ಲ ಸಪ್ಪಳವೂ ಒಂದೇ ಆಗಿ ಕೇಳುತ್ತಿತ್ತು.

ತಜ್ಞರು ಬರುವ ಹಿಂದಿನ ದಿನ ನಮ್ಮ ಅಧ್ಯಕ್ಷೆ ಎಲ್ಲರನ್ನೂ ಕೂಡಿಸಿದರು. ವಯಸ್ಸಾದವರು, ಕಂಪನಿ ಕಟ್ಟಿದವರು, ನಾವೆಲ್ಲ ಅವ್ವಾರು ಎನ್ನುತ್ತೇವೆ. ಮೊದಲ ಸಲ ನಮ್ಮ ಹೊಸ್ತಿಲು ತುಳಿಯುವವರ ಎದುರು ಸಾವಿನ ಮಾತು ತೆಗೆಯಬೇಡಿ ಎಂದರು. ಕೇಳಿದರೆ ಅವರು ಸಂಕೋಚಪಟ್ಟು ತಿರುಗಿ ಹೋದಾರು, ಇನ್ನೊಮ್ಮೆ ಬರುವುದು ಯಾವಾಗಲೋ. ಮೇಲಾಗಿ ಬಂದ ಅತಿಥಿಗೆ ಚಹಾ ಕೊಡುವ ಮೊದಲು ಸಾವು ಹೇಳುವುದು ನಮ್ಮಲ್ಲಿ ಯಾರೂ ಮಾಡದ ಕೆಲಸ. ಎಲ್ಲರೂ ಗೋಣು ಹಾಕಿದರು. ನಾನೂ ಹಾಕಿದೆ. ಆಫೀಸಿನಲ್ಲಿ ವಿಭೂತಿ ಹಚ್ಚಿ ಇಟ್ಟಿದ್ದ ಅಕ್ಕನ ಫೋಟೋವನ್ನು ನಾನೇ ತೆಗೆದು ಅಲ್ಮಾರಿಯಲ್ಲಿಟ್ಟೆ.

ಬಂದವರು ಮೈಸೂರು ಕಡೆಯವರು, ಐವತ್ತರ ಆಸುಪಾಸಿನ ಗಂಡಸು, ಮೆತ್ತಗಿನ ಮಾತು. ಮೂರು ದಿನ ಇದ್ದರು. ಗೋಡೆಗೆ ಉದ್ದನೆಯ ಕಂದು ಕಾಗದ ಅಂಟಿಸಿದರು. ಜೋಳ ಬಂದಲ್ಲಿಂದ ಹಿಡಿದು ಗಾಡಿ ಏರುವವರೆಗೆ ಒಂದೊಂದು ಕೆಲಸಕ್ಕೂ ಒಂದೊಂದು ಚೀಟಿ. ಕೊಳ್ಳುವವರಿಗೆ ಬೇಕಾದ ಕೆಲಸಕ್ಕೆ ಹಸಿರು. ಅವರಿಗೆ ಬೇಡವಾದರೂ ನಾವು ಬಿಡಲಾಗದ್ದಕ್ಕೆ ಹಳದಿ. ಎರಡೂ ಅಲ್ಲದ್ದಕ್ಕೆ ಕೆಂಪು. ನನ್ನ ಅಕ್ಷರ ನೋಡಿ ಚೀಟಿ ಬರೆಯುವುದನ್ನು ನನಗೇ ವಹಿಸಿದರು. ಅವರು ಕೈಗಡಿಯಾರ ಹಿಡಿದು ಒಲೆಯಿಂದ ಒಲೆಗೆ ನಡೆಯುತ್ತಿದ್ದರು. ಪ್ರತಿಯೊಂದು ಕೆಲಸದ ಎದುರೂ ನಿಂತು ಒಂದೇ ಪ್ರಶ್ನೆ ಕೇಳುತ್ತಿದ್ದರು: ಇದು ನಾಳೆಯಿಂದ ನಿಂತುಹೋದರೆ ರೊಟ್ಟಿ ತಿನ್ನುವವರಿಗೆ ಏನು ಕಡಿಮೆಯಾಗುತ್ತದೆ?

ಒಳ್ಳೆಯ ಪ್ರಶ್ನೆ ಅದು. ಅದಕ್ಕೆ ಉತ್ತರ ಹುಡುಕುತ್ತ ಹೋದಾಗ ನಮ್ಮ ಎಷ್ಟೋ ದಡ್ಡತನಗಳು ನಮಗೇ ಕಂಡವು. ಹಿಟ್ಟಿನ ಚೀಲ ಶೆಡ್ಡಿನ ಒಂದು ತುದಿಯಲ್ಲಿ, ಎಸರಿನ ನೀರು ಇನ್ನೊಂದು ತುದಿಯಲ್ಲಿ. ದಿನವಿಡೀ ಹೆಂಗಸರು ಅತ್ತಿಂದಿತ್ತ ಓಡಾಡುತ್ತಿದ್ದರು. ಒಮ್ಮೆ ಎಣಿಸಿದ ರೊಟ್ಟಿಯನ್ನು ಮತ್ತೆ ಎರಡು ಸಲ ಎಣಿಸುತ್ತಿದ್ದೆವು. ಹೆಂಗಸರು ನಕ್ಕರು, ತಮ್ಮನ್ನು ತಾವೇ ಬೈದುಕೊಂಡರು. ನಾನು ಬರೆಯುತ್ತಲೇ ಇದ್ದೆ. ಆದರೆ ನನ್ನ ಕಣ್ಣು ಅವರ ಕಾಲಿನ ಮೇಲಿತ್ತು. ಆ ಕಾಲು ಒಂದೊಂದೇ ಒಲೆ ದಾಟಿ ಮಣೆಯ ಕಡೆ ಬರುತ್ತಿತ್ತು.

ಎರಡನೆಯ ದಿನ ಮಧ್ಯಾಹ್ನ ಬಂದು ನಿಂತರು. ಬುಟ್ಟಿಗಳು ಸಾಲಾಗಿ ಕಾದಿದ್ದವು.

"ಇದು ಬೆಳಿಗ್ಗೆಯಿಂದ ಇಲ್ಲೇ ಇದೆಯಲ್ಲ. ಇಲ್ಲಿ ಯಾರು ಕೂರ್ತಾರೆ?"

ಬಡಿಯುವ ಸಪ್ಪಳ ಒಂದೊಂದೇ ಒಲೆಯಲ್ಲಿ ನಿಂತಿತು. ಅವ್ವಾರು ಸೆರಗು ಸರಿಮಾಡಿಕೊಂಡರು.

"ಒಬ್ಬಾಕಿ ಅದಾಳ್ರಿ. ರಜಾ ಮ್ಯಾಲೆ ಹೋಗ್ಯಾಳ."

"ಯಾವಾಗ ಬರ್ತಾರೆ?"

ಬಾಗಿಲ ಹತ್ತಿರದ ಒಲೆಯಲ್ಲಿ ಒಬ್ಬ ಮುಸ್ಲಿಂ ಹೆಂಗಸು ಕೂರುತ್ತಾರೆ, ಅಕ್ಕನಿಗಿಂತ ಹತ್ತು ವರ್ಷ ದೊಡ್ಡವರು, ಎಲ್ಲರೂ ಖಾಲಾ ಎನ್ನುತ್ತೇವೆ. ಅವರು ಹಂಚಿನಿಂದ ಕಣ್ಣು ಎತ್ತದೆ ಅಂದರು:

"ಲಗೂನ ಬರಾಂಗಿಲ್ರಿ ಸಾಹೇಬ್ರ. ಹೋದ ಊರು ದೂರ ಅದ."

ಆ ಸಂಜೆ ನಾನು ಎಂದಿನಂತೆ ನಿಂತುಕೊಂಡೇ ತಟ್ಟಿದೆ. ತಜ್ಞರು ಪಕ್ಕದಲ್ಲಿ ಗಡಿಯಾರ ಹಿಡಿದು ನಿಂತಿದ್ದರು. ಅಷ್ಟೂ ಬುಟ್ಟಿಯಲ್ಲಿ ನಾಲ್ಕು ರೊಟ್ಟಿ ಮಾತ್ರ ಹಿಂದಕ್ಕೆ ಕಳಿಸಿದೆ, ಅವೂ ಅಂದಾಜಿನ ಮೇಲೆ. ಅಕ್ಕ ಇದ್ದಾಗ ಮುಂಜಾನೆಯ ಹೊತ್ತಿಗೇ ಅದರ ಎರಡು ಮೂರು ಪಟ್ಟು ಹಿಂದಕ್ಕೆ ಹೋಗುತ್ತಿತ್ತು. ಅದನ್ನು ಹೇಳಬೇಕಿತ್ತು. ಹೇಳಿದ್ದರೆ, ಆಕೆ ಈಗ ಎಲ್ಲಿ ಎಂದು ತಜ್ಞರು ಕೇಳುತ್ತಿದ್ದರು.

ಮೂರನೆಯ ದಿನ ಅವರು ಕಾಗದದ ಎದುರು ಎಲ್ಲರನ್ನೂ ಕೂಡಿಸಿ ವಿವರಿಸಿದರು. ನಾಲ್ಕು ರೊಟ್ಟಿ ಹಿಡಿಯುವುದಕ್ಕಾಗಿ ಇಡೀ ದಿನದ ಮಾಲು ಕಾಯುತ್ತಿದೆ. ಕೂರುವವರು ರಜೆಯ ಮೇಲಿದ್ದರೂ ಕೆಲಸ ನಡೆದಿದೆ. ಅಂದ ಮೇಲೆ ಈ ಹಂತ ಯಾಕೆ? ಅವರ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಅವ್ವಾರು ನನ್ನ ಮುಖ ನೋಡಿದರು. ನಾನು ಬೇಡ ಅಂದಿದ್ದರೆ ಅವರು ತಡೆಯುತ್ತಿದ್ದರು ಎಂದು ಈಗಲೂ ಅನಿಸುತ್ತದೆ. ನಾನು ಪೆನ್ನು ತೆಗೆದು ಕೆಂಪು ಚೀಟಿಯ ಮೇಲೆ "ತಟ್ಟಿ ಕೇಳುವುದು" ಎಂದು ಬರೆದು, ಅಂಟಿಸಿ, ಅದರ ಮೇಲೆ ಅಡ್ಡಗೆರೆ ಎಳೆದೆ. ಮಣೆಯನ್ನೂ ನಾನೇ ಎತ್ತಿ ಹಿಂದಿನ ಗೋಡೆಗೆ ಒರಗಿಸಿದೆ. ಬುಟ್ಟಿ ನೆಟ್ಟಗೆ ಹೋಗಲು ದಾರಿಯಾಯಿತು.

ಮರುದಿನದಿಂದ ಕೆಲಸ ಬೇಗ ಮುಗಿಯತೊಡಗಿತು. ಹಿಟ್ಟು, ನೀರು ಒಂದೇ ಕಡೆ ಬಂದವು. ಹೆಂಗಸರು ಬೆಳಕಿರುವಾಗಲೇ ಮನೆ ಸೇರುತ್ತಿದ್ದರು. ಎಲ್ಲರಿಗೂ ಖುಷಿ. ಅಕ್ಕ ಇಲ್ಲದೆಯೂ ಎಲ್ಲ ಸರಾಗ ನಡೆಯುತ್ತದೆ ಎಂಬುದು ಕಣ್ಣೆದುರು ಕಾಣುತ್ತಿತ್ತು. ಅದನ್ನು ನೋಡುತ್ತ ಕೂರುವುದು, ಅವಳನ್ನು ಮಣ್ಣು ಮಾಡಿದ ದಿನಕ್ಕಿಂತ ಕಷ್ಟವಾಗಿತ್ತು. ಶಿವಗಣಾರಾಧನೆ ಮುಗಿಯಿತು. ಕಂಪನಿಯವರೆಲ್ಲ ಬಂದು ಉಂಡು ಹೋದರು.

ಹೈದರಾಬಾದಿಗೆ ಮೊದಲ ಲೋಡು ಹೊರಡಲು ಒಂದು ವಾರದ ಮಾಲು ಕೂಡಬೇಕಿತ್ತು. ಪ್ರತಿದಿನದ ಮಾಲಿನಲ್ಲಿ ಎರಡು ಪ್ಯಾಕು ತೆಗೆದು ಆಫೀಸಿನಲ್ಲಿ ಇಟ್ಟುಕೊಳ್ಳುವುದು ರೂಢಿ. ಲೋಡು ಹೊರಟ ಮುಂಜಾನೆ, ಗಾಡಿ ಗೇಟು ದಾಟಿ ಸ್ವಲ್ಪ ಹೊತ್ತಾಗಿತ್ತು, ನಾನು ಸುಮ್ಮನೆ ಮೊದಲ ದಿನದ ಒಂದು ಪ್ಯಾಕು ಬಿಚ್ಚಿದೆ. ಮುಗ್ಗಲು ವಾಸನೆ ಮುಖಕ್ಕೆ ಬಡಿಯಿತು. ಮೂರನೆಯ ರೊಟ್ಟಿಯ ನಡುವೆ ರೂಪಾಯಿ ಅಗಲದ ಹಸಿರು ಕಲೆ. ಎರಡನೆಯ ದಿನದ್ದು ಬಿಚ್ಚಿದೆ, ಕಲೆ ಇರಲಿಲ್ಲ, ಆದರೆ ನಡುವೆ ಮುರಿಯಹೋದರೆ ಮುರಿಯದೆ ಬಾಗಿತು.

ಡ್ರೈವರಿಗೆ ಫೋನು ಹಚ್ಚಿದೆ. ಹತ್ತಲಿಲ್ಲ. ಮತ್ತೆ ಹಚ್ಚಿದೆ. ಆ ರಸ್ತೆಯಲ್ಲಿ ನಡುನಡುವೆ ಸಿಗ್ನಲ್ ಇರುವುದಿಲ್ಲ. ಗಾಡಿ ಕಲಬುರಗಿ ದಾಟಿ ಹೈವೇ ಹಿಡಿದರೆ ಅದು ಸಂಜೆಗೆ ಅವರ ಗೋದಾಮಿನಲ್ಲಿ ಇಳಿಯುತ್ತದೆ, ಅವರು ಮೊದಲ ಪ್ಯಾಕು ಬಿಚ್ಚುತ್ತಾರೆ, ಅಲ್ಲಿಗೆ ನಮ್ಮ ಕಥೆ ಮುಗಿಯುತ್ತದೆ. ಆರನೆಯ ಸಲ ಆತ ಎತ್ತಿದ. ಚೌಡಾಪುರದಲ್ಲಿ ಚಹಾ ಕುಡಿಯುತ್ತಿದ್ದ. ಅಲ್ಲೇ ನಿಲ್ಲು, ಅಲುಗಾಡಬೇಡ ಎಂದೆ. ಏನಾಯ್ತ್ರಿ ಅಕ್ಕಾರ ಎಂದು ಕೇಳಿದ. ಬಂದು ಹೇಳುತ್ತೇನೆ ಎಂದೆ.

ಖಾಲಾ ಮತ್ತು ಇನ್ನಿಬ್ಬರನ್ನು ಕರೆದುಕೊಂಡು ಟಂಟಂ ಆಟೋ ಹಿಡಿದೆ. ಅವ್ವಾರು ತಜ್ಞರಿಗೆ ತಿಳಿಸಿದರು. ಮೊದಲ ಲೋಡು ನೋಡಲೆಂದು ಅವರು ಹಿಂದಿನ ದಿನವೇ ತಿರುಗಿ ಬಂದು ಗಾಣಗಾಪುರದ ಲಾಡ್ಜಿನಲ್ಲಿ ಉಳಿದಿದ್ದರು. ಆಷಾಢದ ಗಾಳಿ ಟಂಟಂನ ಪರದೆಯನ್ನು ಬಡಿಯುತ್ತಿತ್ತು.

ಚಹಾದಂಗಡಿಯ ತಗಡಿನ ನೆರಳಿನಲ್ಲಿ ತಾಡಪಾಲು ಹಾಸಿ ಡಬ್ಬಗಳನ್ನು ಇಳಿಸಿದೆವು. ಅಂಟಿಸಿದ ಪ್ಯಾಕುಗಳನ್ನು ಹರಿಯುವಾಗ ಖಾಲಾ ಪ್ರತಿ ಸಲವೂ ತುಟಿ ಕಚ್ಚುತ್ತಿದ್ದರು. ಗಾಣಗಾಪುರಕ್ಕೆ ಹೊರಟ ಭಕ್ತರು ನಿಂತು ನೋಡಿದರು. ರೊಟ್ಟಿ ಮಾರುತ್ತೀರಾ ಎಂದು ಒಬ್ಬಾಕೆ ಕೇಳಿದಳು. ನಾನು ಒಂದು ರೊಟ್ಟಿ ತಟ್ಟಿದೆ. ಏನೂ ತಿಳಿಯಲಿಲ್ಲ. ಇನ್ನೊಂದು ತಟ್ಟಿದೆ. ನನ್ನ ಕಿವಿಗೆ ಬರೀ ರಸ್ತೆಯ ಸಪ್ಪಳ.

ಖಾಲಾ ನನ್ನ ಕೈಯಿಂದ ಕಸಿದುಕೊಂಡು, ಕಿವಿಯ ಹತ್ತಿರ ಒಯ್ದು, ಗೆಣ್ಣಿನಿಂದ ಎರಡು ಸಲ ತಟ್ಟಿದರು. "ಹಸಿ," ಎಂದು ಬದಿಗಿಟ್ಟರು. ಮುಂದಿನದು ತಟ್ಟಿ ಬಲಕ್ಕಿಟ್ಟರು. ಅದರ ಮುಂದಿನದು ಮತ್ತೆ ಬದಿಗೆ. ನನಗೆ ಅಚ್ಚರಿಯಾಯಿತು. ನಿಮಗೆ ಇದು ಬರುತ್ತದೆಯೇ ಎಂದೆ. ಇಷ್ಟು ವರ್ಷ ಅವಳ ಸಪ್ಪಳ ಕೇಳುತ್ತಲೇ ರೊಟ್ಟಿ ಬಡಿದಿದ್ದೇನೆ, ಬರದೆ ಏನು ಎಂದರು. ಉಳಿದಿಬ್ಬರೂ ತಟ್ಟಲು ಕುಳಿತರು. ಮೊದಮೊದಲು ಖಾಲಾನ ಮುಖ ನೋಡುತ್ತಿದ್ದರು, ಆಮೇಲೆ ನೋಡಲಿಲ್ಲ.

ತಜ್ಞರು ಬಂದವರು ನಮ್ಮ ಎದುರು ತಾಡಪಾಲಿನ ಮೇಲೆಯೇ ಕುಳಿತರು. ಬದಿಗಿಟ್ಟ ಹಸಿ ರೊಟ್ಟಿಗಳನ್ನು ಒಂದೊಂದೇ ಎತ್ತಿ ನೋಡಿದರು. ಹೊತ್ತು ಕಳೆದಂತೆ ಅವರ ಮುಖ ಬದಲಾಯಿತು. ಇವನ್ನು ಯಾರು ಬಡಿದದ್ದು ಎಂದು ತಿಳಿಯುತ್ತದೆಯೇ ಎಂದು ಕೇಳಿದರು. ಖಾಲಾ ಅಂಚು ನೋಡಿದರು. ರೊಟ್ಟಿ ಬಡಿಯುವವರಿಗೆ ತಮ್ಮ ಕೈಯ ಅಂಚು ಗೊತ್ತಿರುತ್ತದೆ.

"ಇವು ನಮ್ಮವ ರೀ. ಬಾಗಲಾ ಕಡೆ ಎರಡು ಒಲಿ. ಗಾಳಿ ಬಡೀತದ, ಬೆಂಕಿ ಆ ಕಡೆ ವಾಲತದ."

"ಮೊದಲು ಹೀಗೆ ಆಗ್ತಿರಲಿಲ್ವಾ?"

"ಆಗತಿತ್ತು. ದಿನಾ ಮುಂಜಾನೆ ನಾಲ್ಕು ತಿರಗಿ ಬಂದ್ರ ಆಕಿ ಅಲ್ಲಿಂದನ ಒದರತಿದ್ದಳು. ಖಾಲಾ, ಗಾಳಿ ಎದ್ದದ, ಇನ್ನಷ್ಟ ಹೊತ್ತು ನಿಂದರಸ್ರಿ ಅಂತ. ಮಧ್ಯಾಹ್ನದಾಗ ಒಂದೂ ತಿರಗಿ ಬರತಿದ್ದಿಲ್ಲ."

"ಯಾರು ಹೇಳ್ತಿದ್ರು?"

ಶೆಡ್ಡಿನಲ್ಲಿ ಕೇಳಿದಾಗ ಆದ ಹಾಗೆಯೇ ಇಲ್ಲಿಯೂ ಎಲ್ಲರ ಕೈ ನಿಂತಿತು. ಈ ಸಲ ಅವ್ವಾರು ಇರಲಿಲ್ಲ. ಮೂವರೂ ನನ್ನನ್ನು ನೋಡಿದರು. ಅಕ್ಕ ತೀರಿಕೊಂಡ ಮಾತನ್ನು ನಾನು ಅಲ್ಲಿಯವರೆಗೆ ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ. ಊರಿನವರಿಗೆ ನಾನು ಹೇಳುವ ಮೊದಲೇ ಗೊತ್ತಿತ್ತು.

"ನಮ್ಮಕ್ಕ ಹೇಳತಿದ್ದಳ್ರಿ. ಆಕಿ ರಜಾ ಮ್ಯಾಲಿಲ್ಲ. ನೀವು ಬರೂಕಿಂತ ಐದು ದಿನ ಮೊದಲ ತೀರಕೊಂಡಾಳ."

ಅವರು ಕೈಯಲ್ಲಿದ್ದ ರೊಟ್ಟಿಯನ್ನು ಕೆಳಗಿಟ್ಟರು. ಚಹಾದಂಗಡಿಯವನು ಲೋಟ ತಂದವನು ಇಡಬೇಕೋ ಬೇಡವೋ ತಿಳಿಯದೆ ನಿಂತ.

"ಆ ಚೀಟಿ ನಿಮ್ಮ ಕೈಯಲ್ಲೇ ಬರೆಸಿದೆ," ಎಂದರು. ಆಮೇಲೆ, "ಒಬ್ಬರು ಮಾಡುವ ಕೆಲಸ ಅಳೆದೆ ಅಂದುಕೊಂಡಿದ್ದೆ. ಅವರಿಲ್ಲದ ಜಾಗ ಅಳೆದು ಹೋಗಿದ್ದೀನಿ."

ತಪ್ಪು ನಮ್ಮದೂ ಇದೆ ಎಂದೆ. ಅವರು ಮಧ್ಯಾಹ್ನದವರೆಗೆ ನಮ್ಮೊಡನೆ ಕುಳಿತು ಒಣಗಿದವನ್ನು ಡಬ್ಬಕ್ಕೆ ತುಂಬಿದರು. ಹೈದರಾಬಾದಿಗೆ ಅವರೇ ಮಾತಾಡಿ, ಅರ್ಧ ಮಾಲು ಮಾತ್ರ ಬರುತ್ತದೆ, ಅದೂ ಮತ್ತೆ ಪ್ಯಾಕ್ ಮಾಡಿ ಮರುದಿನ ಬರುತ್ತದೆ ಎಂದು ಹೇಳಿದರು. ಆ ಕಡೆಯವರು ಸಿಟ್ಟಾದದ್ದು ಫೋನಿನಾಚೆಗೂ ಕೇಳಿತು. ಮುಂದಿನದನ್ನು ನೋಡಿ ಹೇಳುತ್ತೇವೆ ಎಂದರಂತೆ.

ಶೆಡ್ಡಿಗೆ ತಿರುಗಿ ಬಂದಾಗ ಅವ್ವಾರು ಆಗಲೇ ಮಣೆಯನ್ನು ತರಿಸಿ ಹಳೆಯ ಜಾಗದಲ್ಲಿ ಹಾಕಿಸಿದ್ದರು. ನಮ್ಮಲ್ಲಿ ಸತ್ತವರ ಕೆಲಸ ಮನೆಯವರಿಗೇ ಬರುವುದು ರೂಢಿ. ನಿಮ್ಮಕ್ಕನ ಜಾಗ ಇನ್ನು ನಿನ್ನದು, ಖಾಲಾ ಕಲಿಸುತ್ತಾರೆ ಎಂದರು. ಹೆಂಗಸರು ಕಣ್ಣೊರೆಸಿಕೊಂಡರು. ತಜ್ಞರು ಈ ಸಲ ಗಡಿಯಾರ ತೆಗೆಯಲಿಲ್ಲ. ನಾನು ಕುಳಿತೆ.

ಒಂದು ದಿನ ಪೂರಾ ಕುಳಿತೆ. ಬುಟ್ಟಿಗಳು ಮತ್ತೆ ನನ್ನ ಮುಂದೆ ಬೆಳೆದವು. ತಟ್ಟುತ್ತ ತಟ್ಟುತ್ತ ಖಾಲಾ ಹೇಳಿದ ಮಾತೇ ತಲೆಯಲ್ಲಿತ್ತು. ಮುಂಜಾನೆ ನಾಲ್ಕು ತಿರುಗಿ ಬಂದರೆ ಮಧ್ಯಾಹ್ನ ಒಂದೂ ಬರುತ್ತಿರಲಿಲ್ಲ. ಹಾಗಾದರೆ ಅಕ್ಕ ಕೆಟ್ಟ ರೊಟ್ಟಿ ಹಿಡಿಯಲು ಕೂತಿರಲಿಲ್ಲ. ಕೆಟ್ಟದ್ದು ಮತ್ತೆ ಆಗದಂತೆ ಮಾಡಲು ಕೂತಿದ್ದಳು. ಅವಳ ಬೆಲೆ ತಟ್ಟುವ ಬೆರಳಿಗಿಂತ, ಅಲ್ಲಿಂದ ಕೂಗಿ ಹೇಳುವ ಮಾತಿನಲ್ಲಿತ್ತು. ಆ ಮಾತು ಇಪ್ಪತ್ತು ಹೆಜ್ಜೆ ದೂರದಿಂದ ಬರಬೇಕಾಗಿಲ್ಲ. ಒಲೆಯ ಮುಂದೆ ಕೂತವಳೇ ತನ್ನ ರೊಟ್ಟಿ ತಾನೇ ತಟ್ಟಿದರೆ ಆಗಿಂದಾಗ ತಿಳಿಯುತ್ತದೆ. ಇದು ಅಷ್ಟು ಸ್ಪಷ್ಟವಾಗಿ ಹೊಳೆದಾಗ ನನಗೆ ಹೆದರಿಕೆಯಾಯಿತು. ಇದನ್ನು ಹೇಳಿದರೆ ಅಕ್ಕನ ಜಾಗವನ್ನು ಎರಡನೆಯ ಸಲ ನಾನೇ ತೆಗೆದಂತೆ. ಮೊದಲ ಸಲ ಸುಮ್ಮನಿದ್ದು ತೆಗೆದಿದ್ದೆ. ಈ ಸಲ ಬಾಯಿಬಿಟ್ಟು ತೆಗೆಯಬೇಕು.

ಮರುದಿನ ಮುಂಜಾನೆ ಒಲೆ ಹಚ್ಚುವ ಮೊದಲು ಹೇಳಿದೆ. ಬಾಗಿಲ ಕಡೆಯ ಎರಡು ಒಲೆಗೆ ತಗಡಿನ ಮರೆ ಕಟ್ಟಿಸೋಣ. ಒಬ್ಬೊಬ್ಬರೂ ತಮ್ಮ ರೊಟ್ಟಿ ತಾವೇ ತಟ್ಟಿ ಬುಟ್ಟಿಗೆ ಹಾಕೋಣ. ನಡುವೆ ಯಾರೂ ಕೂರುವುದು ಬೇಡ.

ಖಾಲಾ ಎದ್ದು ನಿಂತರು.

"ಮಣ್ಣ ಹಾಕಿ ತಿಂಗಳಾಗಿಲ್ಲ, ಅಕ್ಕನ ಜಾಗಾನ ತಗೀತಿ ಏನಬೇ?"

"ತಗೀತೇನಿ ಖಾಲಾ. ಆಕಿ ಮಾಡೂದು ನಿಮಗೆಲ್ಲಾ ಬರತದ. ನನಗೊಬ್ಬಾಕಿಗೇ ಬರಾಂಗಿಲ್ಲ. ನನ್ನ ಕುಂದ್ರಿಸಿದ್ರ ಮತ್ತ ಹಸಿ ರೊಟ್ಟಿ ಹೋಗತಾವ."

"ಕಲೀತಿ."

"ನಾ ಕಲಿಯೂತನಕ ಗಾಡಿ ನಿಂದ್ರತದೇನು?"

ಅವರು ಹೋಗಿ ತಮ್ಮ ಒಲೆ ಹಚ್ಚಿದರು. ಅವತ್ತು ಇಡೀ ದಿನ ನನ್ನ ಕೂಡ ಮಾತಾಡಲಿಲ್ಲ. ತಜ್ಞರು ಹೊಸ ಕಾಗದ ಅಂಟಿಸಿದರು. ರೊಟ್ಟಿ ಬಡಿಯುವ ಹಸಿರು ಚೀಟಿಯ ಮೇಲೆಯೇ "ತಟ್ಟಿ ಕೇಳುವುದು" ಎಂದು ಸೇರಿಸಿ ಬರೆದೆ. ಬೇರೆ ಚೀಟಿ ಮಾಡಲಿಲ್ಲ. ಮೊದಲ ಎರಡು ದಿನ ಕೆಲಸ ನಿಧಾನವಾಯಿತು, ಗೊಣಗಾಟ ನಡೆಯಿತು. ಯಾರಿಗೂ ತಮ್ಮದೇ ರೊಟ್ಟಿಯನ್ನು ಹಸಿ ಎನ್ನಲು ಮನಸ್ಸಾಗುತ್ತಿರಲಿಲ್ಲ. ಅಕ್ಕ ಹಿಂದಕ್ಕೆ ಕಳಿಸಿದರೆ ಅವಳನ್ನು ಬೈದುಕೊಂಡು ಸುಮ್ಮನಾಗಬಹುದಿತ್ತು.

ಹೈದರಾಬಾದಿನವರು ಎರಡನೆಯ ಲೋಡಿಗೆ ಹೇಳಿಕಳಿಸಿದ್ದಾರೆ, ಮೊದಲಿನದಕ್ಕಿಂತ ಸಣ್ಣದು. ಅದು ಹೋಗಿದೆ. ವರ್ಷದ ಮಾತು ಇನ್ನೂ ಆಡಿಲ್ಲ. ಆಫೀಸಿನಲ್ಲಿ ಉಳಿಸಿಕೊಂಡ ಪ್ಯಾಕುಗಳನ್ನು ನಾನು ದಿನವೂ ಒಂದೊಂದು ಬಿಚ್ಚುತ್ತೇನೆ, ಮೂಗಿನ ಹತ್ತಿರ ಹಿಡಿದು ನೋಡುತ್ತೇನೆ. ಇಲ್ಲಿಯವರೆಗೆ ವಾಸನೆ ಬಂದಿಲ್ಲ.

ಮೊನ್ನೆ ಖಾಲಾ ಒಂದು ರೊಟ್ಟಿ ಹಿಡಿದುಕೊಂಡು ನನ್ನ ಟೇಬಲ್ಲಿಗೆ ಬಂದರು. ಆ ಮುಂಜಾನೆಯ ಮಾತಾದ ಮೇಲೆ ಅವರು ನನ್ನ ಬಳಿ ತಾವಾಗಿ ಬಂದದ್ದು ಅಂದೇ ಮೊದಲು. ಇದು ಹಸಿಯೋ ಒಣಗಿದೆಯೋ ನೀನೇ ಹೇಳು ಎಂದು ಮುಂದೆ ಹಿಡಿದರು. ನಾನು ತಟ್ಟಿದೆ. ತಿಳಿಯಲಿಲ್ಲ. ನಿಮಗೇನು ಅನಿಸುತ್ತದೆ ಎಂದು ತಿರುಗಿ ಕೊಟ್ಟೆ. ಅವರು ಅದನ್ನು ಕಿವಿಯ ಹತ್ತಿರ ಒಯ್ದು ಒಂದು ಸಲ ತಟ್ಟಿದರು, ಕಣ್ಣು ಮುಚ್ಚಿ ಇನ್ನೊಂದು ಸಲ ತಟ್ಟಿದರು. ಆಮೇಲೆ ಹೋಗಿ, ಅದನ್ನು ಒಲೆಯ ಮಗ್ಗುಲಿಗೆ ಮತ್ತೆ ನಿಲ್ಲಿಸಿದರು.